ತುಕ್ಕು ತಿಂದ ಕಬ್ಬಿಣದ ಪೈಪಿಗೆ ಎಪಾಕ್ಸಿ ಅಂಟು ಮತ್ತು ಗಾಜಿನ ನಾರಿನ ಸುತ್ತು: ಮಾಡುವ ಕ್ರಮ

ತುಂಗಭದ್ರೆಯ ಎಡದಂಡೆ, ಬಲದಂಡೆ ನಾಲೆಗಳ ಕೆಳಗಿನ ಗಂಗಾವತಿ, ಕಾರಟಗಿ, ಸಿಂಧನೂರು, ಕಂಪ್ಲಿ, ಸಿರುಗುಪ್ಪದ ಸುತ್ತಮುತ್ತ ಕಬ್ಬಿಣದ ಪೈಪಿಗೆ ತುಕ್ಕು ಏಕೆ ಹಿಡಿಯಿತು ಎಂದು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. ನೀರು ನಿಂತು ಸವಳಾದ ಎರೆ ಭೂಮಿ, ಉಪ್ಪಿನಂಶ ಹೆಚ್ಚಿರುವ ಬೋರ್‌ವೆಲ್ ನೀರು, ಅದೇ ಪೈಪಿನಲ್ಲಿ ಕರಗಿಸಿ ಬಿಡುವ ಪೊಟ್ಯಾಷ್ ಗೊಬ್ಬರ, ಕುಡಿಯುವ ನೀರಿಗೆ ಹಾಕುವ ಬ್ಲೀಚಿಂಗ್ ಪುಡಿ ಇವೆಲ್ಲವೂ ತುಕ್ಕು ಹೆಚ್ಚಿಸುವ ಕ್ಲೋರೈಡನ್ನು ಲೋಹದವರೆಗೆ ತಂದು ಮುಟ್ಟಿಸುತ್ತವೆ. ಜಿ.ಐ. ಪೈಪಿನ ಮೇಲಿನ ಸತುವಿನ ಲೇಪ ಸವೆದ ಮೇಲೆ ಒಳಗಿನ ಉಕ್ಕಿಗೆ ಬೇರೆ ರಕ್ಷಣೆ ಇಲ್ಲ.

ಸೋರಿಕೆ ಕಂಡಾಗ ಸಾಮಾನ್ಯವಾಗಿ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು ತಂತಿ ಸುತ್ತುತ್ತಾರೆ, ಇಲ್ಲವೇ ಎಂ-ಸೀಲ್ ಮೆತ್ತುತ್ತಾರೆ. ಎರಡೂ ಆ ದಿನದ ಕೆಲಸ ನಡೆಸುತ್ತವೆ. ಈ ಲೇಖನದಲ್ಲಿ ವಿವರಿಸುವುದು ಅದಕ್ಕಿಂತ ಗಟ್ಟಿಯಾದ ವಿಧಾನವನ್ನು: ತುಕ್ಕು ತೆಗೆದು, ತೂತು ಮುಚ್ಚಿ, ಎಪಾಕ್ಸಿ ಅಂಟಿನಲ್ಲಿ (ರೆಸಿನ್, ಹಾರ್ಡನರ್ ಎಂಬ ಎರಡು ಭಾಗಗಳನ್ನು ಬೆರೆಸಿದಾಗ ಗಟ್ಟಿಯಾಗುವ ಅಂಟು) ತೋಯಿಸಿದ ಗಾಜಿನ ನಾರಿನ ಬಟ್ಟೆಯನ್ನು ಪೈಪಿನ ಸುತ್ತ ಹಲವು ಪದರಗಳಲ್ಲಿ ಸುತ್ತುವುದು. ಬೆಸುಗೆಯ ಬೆಂಕಿ ಇದಕ್ಕೆ ಬೇಡ, ಪೈಪನ್ನು ಕಳಚಬೇಕಾಗಿಯೂ ಇಲ್ಲ. ಕ್ರಮವಾಗಿ ಮಾಡಿದ ಸುತ್ತು ವರ್ಷಗಟ್ಟಲೆ ನಿಲ್ಲುತ್ತದೆ, ಆದರೆ ಎಲ್ಲ ಪೈಪಿಗೂ ಇದು ಒಗ್ಗುವುದಿಲ್ಲವಾದ್ದರಿಂದ ಮೊದಲು ಆ ಮಾತನ್ನು ಮುಗಿಸುವುದು ಒಳ್ಳೆಯದು.

ಎಲ್ಲಿ ಈ ವಿಧಾನ ಬೇಡ

ಭತ್ತ ಕುದಿಸುವ ಅಕ್ಕಿ ಗಿರಣಿಗಳ ಉಗಿ ಪೈಪಿಗೆ ಇದನ್ನು ಯಾವ ಕಾರಣಕ್ಕೂ ಮಾಡಬಾರದು. ಚದರ ಸೆಂಟಿಮೀಟರಿಗೆ 7 ಕೆ.ಜಿ. ಒತ್ತಡದ ಉಗಿಯ ಉಷ್ಣತೆ ಸುಮಾರು 170 ಡಿಗ್ರಿ ಸೆಲ್ಸಿಯಸ್ ಇರುತ್ತದೆ. ಹೊರಗಿನ ಹವೆಯಲ್ಲಿಯೇ ಗಟ್ಟಿಯಾಗುವ ಸಾಮಾನ್ಯ ಎಪಾಕ್ಸಿ ಅಂಟುಗಳು 50ರಿಂದ 60 ಡಿಗ್ರಿಗೆ ಮೆತ್ತಗಾಗತೊಡಗುತ್ತವೆ. ಮೇಲಾಗಿ ಬಾಯ್ಲರ್ ಮತ್ತು ಅದರ ಉಗಿ ಪೈಪುಗಳ ದುರಸ್ತಿ ಕಾನೂನಿನ ವ್ಯಾಪ್ತಿಗೆ ಬರುವ ಕೆಲಸ, ಅದನ್ನು ಅನುಮತಿ ಪಡೆದವರೇ ಮಾಡಬೇಕು. ಅಡುಗೆ ಅನಿಲ, ಡೀಸೆಲ್, ಆ್ಯಸಿಡ್ ಹರಿಯುವ ಪೈಪುಗಳನ್ನೂ ಮನೆಮಟ್ಟದ ಅಂಟಿನಿಂದ ಮುಟ್ಟಬಾರದು.

ಬೋರ್‌ವೆಲ್ ಒಳಗೆ ಇಳಿಬಿಟ್ಟ ಪೈಪು ಇನ್ನೊಂದು ಬಗೆಯದು. ಪಂಪಿನ ತೂಕ, ನೀರಿನ ತೂಕ, ಮೋಟರು ಶುರುವಾದಾಗ ಬೀಳುವ ತಿರುಚು ಎಲ್ಲವನ್ನೂ ಅದರ ಮರೆಗಳೇ (ಪೈಪುಗಳನ್ನು ತಿರುಗಿಸಿ ಜೋಡಿಸುವ ಥ್ರೆಡ್) ಹೊರುತ್ತವೆ. ಅಂಟಿನ ಸುತ್ತು ಸೋರಿಕೆ ನಿಲ್ಲಿಸೀತು, ಆದರೆ ತಿಂದುಹೋದ ಮರೆಗೆ ಎಳೆತ ತಡೆಯುವ ಶಕ್ತಿಯನ್ನು ಮರಳಿ ಕೊಡಲಾರದು. ಪೈಪು ಕಡಿದು ಪಂಪು ಬಾವಿಯೊಳಗೆ ಬಿದ್ದರೆ ಆಗುವ ನಷ್ಟದ ಮುಂದೆ ಹೊಸ ಪೈಪಿನ ಬೆಲೆ ಏನೇನೂ ಅಲ್ಲ.

ಉಷ್ಣ ವಿದ್ಯುತ್ ಸ್ಥಾವರಗಳ ಬೂದಿ ನೀರಿನಂತೆ ಪುಡಿ ಬೆರೆತ ದ್ರವ ಹರಿಯುವ ಪೈಪುಗಳು ಒಳಗಿನಿಂದ ಉಜ್ಜಿ ಸವೆಯುತ್ತವೆ, ಹೊರಗಿನ ಸುತ್ತು ಆ ಸವೆತವನ್ನು ತಡೆಯುವುದಿಲ್ಲ. ದೊಡ್ಡ ಕಾರ್ಖಾನೆಗಳಲ್ಲಿ ಇಂಥ ದುರಸ್ತಿಗೆ ಐ.ಎಸ್.ಒ. 24817 ಮತ್ತು ಎ.ಎಸ್.ಎಂ.ಇ. ಪಿ.ಸಿ.ಸಿ.-2 ಎಂಬ ಮಾನದಂಡಗಳಿವೆ. ಅಲ್ಲಿ ಪದರಗಳ ಸಂಖ್ಯೆಯನ್ನು ಲೆಕ್ಕ ಹಾಕಿಯೇ ನಿರ್ಧರಿಸುತ್ತಾರೆ, ಸುತ್ತುವವರಿಗೂ ತರಬೇತಿ ಇರಬೇಕು.

ಇವನ್ನೆಲ್ಲ ಬಿಟ್ಟರೆ ಉಳಿಯುವುದು ತಣ್ಣೀರಿನ ಪೈಪುಗಳು. ನಾಲೆಯ ದಂಡೆಯ ಮೋಟರಿನಿಂದ ಹೊಲಕ್ಕೆ ಹೋಗುವ ಡಿಲಿವರಿ ಪೈಪು, ಮೇಲ್ತೊಟ್ಟಿಗೆ ಏರುವ ಪೈಪು, ಗಿರಣಿಯಲ್ಲಿ ಭತ್ತ ನೆನೆಸುವ ತೊಟ್ಟಿಗೆ ತಣ್ಣೀರು ತರುವ ಪೈಪು ಈ ಗುಂಪಿಗೆ ಸೇರುತ್ತವೆ. ಮುಂದಿನ ಲೆಕ್ಕಗಳಿಗೆ ಉದಾಹರಣೆಯಾಗಿ ಬಿಸಿಲಿನಲ್ಲಿ ಹಾಸಿದ 3 ಇಂಚಿನ ಜಿ.ಐ. ಡಿಲಿವರಿ ಪೈಪನ್ನೇ ಇಟ್ಟುಕೊಳ್ಳೋಣ. ಅದರ ಹೊರವ್ಯಾಸ ಸುಮಾರು 89 ಮಿ.ಮೀ., ಸುತ್ತಳತೆ 28 ಸೆಂ.ಮೀ.; ನೀಲಿ ಪಟ್ಟಿಯ ಮಧ್ಯಮ ದರ್ಜೆಯದಾದರೆ ಗೋಡೆಯ ದಪ್ಪ ಹೊಸದಿದ್ದಾಗ 4 ಮಿ.ಮೀ.

ತೂತನ್ನಲ್ಲ, ಉಳಿದ ಲೋಹವನ್ನು ನೋಡಿ

ಕಣ್ಣಿಗೆ ಕಾಣುವ ತೂತು ಎರಡು ಮಿಲಿಮೀಟರಿನದಿರಬಹುದು, ಆದರೆ ಅದರ ಸುತ್ತಲಿನ ಗೋಡೆ ಎಷ್ಟು ತೆಳುವಾಗಿದೆ ಎಂಬುದೇ ದುರಸ್ತಿಯ ಹಣೆಬರಹವನ್ನು ನಿರ್ಧರಿಸುತ್ತದೆ. ನೀರನ್ನು ನಿಲ್ಲಿಸಿ ಒತ್ತಡ ಇಳಿದ ಮೇಲೆ ಸಣ್ಣ ಸುತ್ತಿಗೆಯಿಂದ ತೂತಿನ ಸುತ್ತ ಒಂದು ಗೇಣಿನ ಉದ್ದಕ್ಕೆ ಹಗುರಾಗಿ ತಟ್ಟುತ್ತ ಹೋಗಬೇಕು. ಗಟ್ಟಿ ಲೋಹ ಖಣ್ ಎನ್ನುತ್ತದೆ. ತಿಂದುಹೋದ ಜಾಗ ಡಬ್ ಎಂದು ಸದ್ದಡಗಿಸಿಕೊಳ್ಳುತ್ತದೆ. ಅನುಮಾನವಿರುವಲ್ಲಿ ಸ್ಕ್ರೂಡ್ರೈವರಿನ ಮೊನೆಯನ್ನು ಒತ್ತಿ ನೋಡಬೇಕು. ತುಕ್ಕಿನ ಹಕ್ಕಳೆ ಎದ್ದು ತೂತು ರೂಪಾಯಿ ನಾಣ್ಯದಷ್ಟಾದರೆ ಬೇಸರಪಡುವ ಅಗತ್ಯವಿಲ್ಲ, ಅದು ಮೊದಲೇ ಅಷ್ಟು ದೊಡ್ಡದಾಗಿತ್ತು. ಕಾರ್ಖಾನೆಗಳ ನಿರ್ವಹಣಾ ವಿಭಾಗದಲ್ಲಿ ಪರಿಚಯದವರಿದ್ದರೆ ಅಲ್ಟ್ರಾಸೋನಿಕ್ ದಪ್ಪಮಾಪಕವನ್ನು ತರಿಸಿ ಅಳೆಯುವುದು ಎಲ್ಲಕ್ಕಿಂತ ಖಚಿತ.

ತುಕ್ಕು ಎಲ್ಲ ಕಡೆ ಒಂದೇ ಸಮ ತಿನ್ನುವುದಿಲ್ಲ. ಮರೆ ಕತ್ತರಿಸಿದಲ್ಲಿ ಸತುವೂ ಹೋಗಿರುತ್ತದೆ, ಗೋಡೆಯೂ ತೆಳುವಾಗಿರುತ್ತದೆ, ಆದ್ದರಿಂದ ಎರಡು ಪೈಪುಗಳನ್ನು ಕೂಡಿಸುವ ಸಾಕೆಟ್ಟಿನ ಬಾಯಿಯಲ್ಲಿಯೇ ಮೊದಲು ಜಿನುಗುತ್ತದೆ. ಪೈಪು ಮಣ್ಣಿನಿಂದ ಹೊರಗೆ ತಲೆ ಎತ್ತುವ ಜಾಗ, ಕ್ಲ್ಯಾಂಪಿನ ಅಡಿ, ಹಿತ್ತಾಳೆಯ ವಾಲ್ವಿನ ಪಕ್ಕ, ಹೂಳು ಕೂರುವ ತಳಭಾಗ ಇವನ್ನೂ ಬಿಡದೆ ನೋಡಬೇಕು.

ಇಲ್ಲಿ ಕೇಳಿಕೊಳ್ಳಲೇಬೇಕಾದ ಪ್ರಶ್ನೆ ತುಕ್ಕು ಹೊರಗಿನಿಂದ ಬಂದದ್ದೋ ಒಳಗಿನಿಂದ ಬಂದದ್ದೋ ಎಂಬುದು. ಹೊರಗಿನದಾದರೆ ಸುತ್ತಿದ ಪದರವೇ ನೀರು, ಉಪ್ಪು, ಗಾಳಿಯನ್ನು ತಡೆಯುವುದರಿಂದ ತುಕ್ಕು ಅಲ್ಲಿಗೆ ನಿಲ್ಲುತ್ತದೆ. ಒಳಗಿನದಾದರೆ ನಿಲ್ಲುವುದಿಲ್ಲ, ಸುತ್ತಿನ ಅಡಿಯಲ್ಲಿಯೇ ತೂತು ದೊಡ್ಡದಾಗುತ್ತ ಹೋಗಿ ಒಂದು ದಿನ ಸುತ್ತಿನ ಅಂಚನ್ನು ದಾಟಿ ಹೊರಬರುತ್ತದೆ. ಆದ್ದರಿಂದ ಒಳತುಕ್ಕಿನ ಪೈಪಿಗೆ ಇಂದಿನ ತೂತಿನ ಅಳತೆಗೆ ಸುತ್ತುವುದರಲ್ಲಿ ಅರ್ಥವಿಲ್ಲ. ಸುತ್ತನ್ನು ಉದ್ದ ಮಾಡಬೇಕು, ಅದನ್ನು ಎರಡು ಮೂರು ಹಂಗಾಮಿನ ಏರ್ಪಾಡು ಎಂದೇ ತಿಳಿದು ಹೊಸ ಪೈಪಿಗೆ ಹಣ ಕೂಡಿಡಬೇಕು. ಒಂದೇ ಪೈಪಿನಲ್ಲಿ ಮೂರು ನಾಲ್ಕು ಕಡೆ ಸೂಜಿತೂತುಗಳು ಕಂಡರೆ ಆ ಪೈಪಿನ ಆಯುಷ್ಯ ತೀರಿತು ಎಂದೇ ಲೆಕ್ಕ, ಅದಕ್ಕೆ ಅಂಟಿನ ಖರ್ಚು ದಂಡ.

ಸಾಮಾನು

ಅಂಟಿಗೆ ಎಪಾಕ್ಸಿಯನ್ನೇ ತರಬೇಕು. ಫೈಬರ್ ಕೆಲಸದವರು ಬಳಸುವ ಪಾಲಿಯೆಸ್ಟರ್ ರೆಸಿನ್ ಅಗ್ಗ, ಬೇಗ ಒಣಗುತ್ತದೆ, ಆದರೆ ಉಕ್ಕನ್ನು ಎಪಾಕ್ಸಿಯಷ್ಟು ಬಿಗಿಯಾಗಿ ಹಿಡಿಯುವುದಿಲ್ಲ. ತೂತು ಮತ್ತು ಕುಳಿ ತುಂಬಲು ಉಕ್ಕಿನ ಪುಡಿ ಬೆರೆತ ಎಪಾಕ್ಸಿ ಪುಟ್ಟಿ, ಬಟ್ಟೆ ತೋಯಿಸಲು ತೆಳುವಾಗಿ ಹರಿಯುವ ಎಪಾಕ್ಸಿ ಎಂದು ಎರಡು ಬಗೆ ಬೇಕಾಗುತ್ತದೆ. ಅಂಗಡಿಯಲ್ಲಿ ಸಿಗುವ ಸಾಮಾನ್ಯ ಅರಾಲ್ಡೈಟ್ ಗಟ್ಟಿ ಅಂಟೇ ಹೌದಾದರೂ ಮಂದವಾಗಿರುವುದರಿಂದ ಬಟ್ಟೆಯ ಎಳೆಗಳೊಳಗೆ ಇಳಿಯುವುದು ಕಷ್ಟ.

ಬಟ್ಟೆಯ ವಿಷಯದಲ್ಲಿ ತಪ್ಪು ಸರಕು ತರುವವರೇ ಹೆಚ್ಚು. ಅಂಗಡಿಯವರು ಮೊದಲು ತೆಗೆದುಕೊಡುವುದು ತುಂಡು ನಾರುಗಳನ್ನು ಚೆಲ್ಲಿ ಒತ್ತಿದ ಮ್ಯಾಟನ್ನು. ಅದರ ನಾರುಗಳನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರ್ ರೆಸಿನ್ನಿನಲ್ಲಿರುವ ಸ್ಟೈರೀನಿನಲ್ಲಿ ಕರಗುವಂಥದ್ದು. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲದ್ದರಿಂದ ಮ್ಯಾಟು ಬಿರುಸಾಗಿಯೇ ಉಳಿದು ಪೈಪಿನ ಬಾಗಿಗೆ ಕೂರುವುದಿಲ್ಲ. ನೇಯ್ದ ಗಾಜಿನ ಬಟ್ಟೆಯನ್ನೇ, ಚದರ ಮೀಟರಿಗೆ 200ರಿಂದ 300 ಗ್ರಾಂ ತೂಗುವುದನ್ನು, ಕೇಳಿ ತರಬೇಕು, 10 ಸೆಂ.ಮೀ. ಅಗಲದ ಪಟ್ಟಿಯ ಸುರುಳಿ ಸಿಕ್ಕರೆ ಸುತ್ತಲು ಇನ್ನೂ ಸಲೀಸು. ಕಾರ್ಬನ್ ನಾರು ಹೆಚ್ಚು ಬಲವಾದದ್ದು ಎಂದು ಅದರ ಬೆನ್ನು ಹತ್ತುವುದು ಬೇಡ. ಅದು ವಿದ್ಯುತ್ ಹರಿಸುವ ವಸ್ತುವಾದ್ದರಿಂದ ತೇವದಲ್ಲಿ ಉಕ್ಕಿಗೆ ನೇರವಾಗಿ ತಾಗಿದರೆ ತುಕ್ಕನ್ನು ತಾನೇ ಹೆಚ್ಚಿಸುತ್ತದೆ.

ನಮ್ಮ 3 ಇಂಚಿನ ಪೈಪಿಗೆ 20 ಸೆಂ.ಮೀ. ಉದ್ದದ ಸುತ್ತನ್ನು 8 ಪದರ ಹಾಕಲು ಅರ್ಧ ಚದರ ಮೀಟರಿನಷ್ಟು ಬಟ್ಟೆ ಸಾಕು. 300 ಗ್ರಾಂನ ಬಟ್ಟೆಯಾದರೆ ಅದು 150 ಗ್ರಾಂ ತೂಗುತ್ತದೆ, ಅಂಟೂ ಹೆಚ್ಚುಕಡಿಮೆ ಅಷ್ಟೇ ತೂಕದ್ದು ಬೇಕು. ಪಾತ್ರೆಗೆ ಅಂಟಿ ಹಾಳಾಗುವುದನ್ನು ಸೇರಿಸಿ 200 ಗ್ರಾಂ ಇಟ್ಟುಕೊಳ್ಳಬಹುದು. ಒಣಗಿದ ಮೇಲೆ 8 ಪದರ ಸುಮಾರು 3 ಮಿ.ಮೀ. ದಪ್ಪ ಬರುತ್ತದೆ. 20 ಮೀಟರ್ ಎತ್ತರಕ್ಕೆ ನೀರೆತ್ತುವ ಪೈಪಿನಲ್ಲಿ ಒತ್ತಡ ಚದರ ಸೆಂಟಿಮೀಟರಿಗೆ 2 ಕೆ.ಜಿ. ಮಾತ್ರ; ಅದನ್ನು ತಡೆಯಲು ಇಷ್ಟು ದಪ್ಪದ ಗಾಜಿನ ನಾರು ಬೇಕಾದುದಕ್ಕಿಂತ ಎಷ್ಟೋ ಪಾಲು ಬಲವಾಗಿರುತ್ತದೆ. ಇಂಥ ಸುತ್ತು ಹರಿದು ಸೋಲುವುದು ಅಪರೂಪ. ಲೋಹದಿಂದ ಅಂಟು ಕಳಚಿ, ನೀರು ಅದರ ಅಡಿಯಲ್ಲಿ ಹಾದಿ ಮಾಡಿಕೊಂಡು, ಅಂಚಿನಲ್ಲಿ ಜಿನುಗುವುದೇ ಸೋಲಿನ ರೀತಿ. ಹಾಗಾಗಿ ಪದರ ಹೆಚ್ಚಿಸುವುದಕ್ಕಿಂತ ಪೈಪನ್ನು ಉಜ್ಜುವುದರಲ್ಲಿ ಕಳೆದ ಸಮಯವೇ ಹೆಚ್ಚು ಫಲ ಕೊಡುತ್ತದೆ.

ಇವಲ್ಲದೆ ಆ್ಯಂಗಲ್ ಗ್ರೈಂಡರ್, ತಂತಿ ಬ್ರಷ್, 40ರಿಂದ 60 ನಂಬರಿನ ಎಮರಿ, ಅಸಿಟೋನ್, ಬಿಳಿ ಬಟ್ಟೆ, ಗ್ರಾಂ ತೋರಿಸುವ ಡಿಜಿಟಲ್ ತಕ್ಕಡಿ, ನೈಟ್ರೈಲ್ ಕೈಗವಸು, ಕನ್ನಡಕ, ಮೂಗಿಗೆ ಮಾಸ್ಕ್ ಬೇಕು.

ಉಜ್ಜುವ ಕ್ರಮ

ಪೈಪು ಖಾಲಿಯಾಗಿ ಒಣಗಿರಬೇಕು. ಬೇಸಿಗೆಯಲ್ಲಿ ನಾಲೆಗೆ ನೀರು ಬಿಡುವುದು ನಿಂತ ದಿನಗಳು ಇದಕ್ಕೆ ಹೇಳಿ ಮಾಡಿಸಿದಂಥವು. ವಾಲ್ವ್ ಸರಿಯಾಗಿ ಕಚ್ಚದೆ ಹನಿ ಬರುತ್ತಿದ್ದರೆ ಯೂನಿಯನ್ (ಪೈಪನ್ನು ನಡುವೆ ಬಿಚ್ಚಿ ಕೂಡಿಸುವ ಜೋಡಣೆ) ಬಿಚ್ಚಿ ನೀರನ್ನು ಬೇರೆಡೆಗೆ ಹರಿಯಬಿಡಬೇಕು, ತೇವದ ಮೇಲೆ ಅಂಟು ಹಾಕಿ ಅದೃಷ್ಟ ಪರೀಕ್ಷೆ ಮಾಡಬಾರದು.

ಮೊದಲು ಎಣ್ಣೆ, ಗ್ರೀಸ್, ಹಳೆಯ ಬಣ್ಣ ಹೋಗಬೇಕು, ಗ್ರೈಂಡರ್ ಆಮೇಲೆ. ಎಣ್ಣೆಯ ಮೇಲೆಯೇ ಗ್ರೈಂಡರ್ ಹಿಡಿದರೆ ಅದು ಗೀರುಗಳೊಳಗೆ ಹೊಕ್ಕು ಕೂರುತ್ತದೆ. ಪೆಟ್ರೋಲ್, ಡೀಸೆಲ್, ಸೀಮೆಎಣ್ಣೆಗಳಿಂದ ಒರೆಸಬಾರದು. ಅವು ಆರಿದ ಮೇಲೂ ಜಿಡ್ಡಿನ ತೆಳು ಪೊರೆಯನ್ನು ಬಿಟ್ಟು ಹೋಗುತ್ತವೆ, ಗ್ರೈಂಡರಿನ ಕಿಡಿಗೆ ಹೊತ್ತಿಕೊಳ್ಳುವ ಅಪಾಯ ಬೇರೆ. ಅಸಿಟೋನ್ ಕೂಡ ಬೇಗ ಹೊತ್ತಿಕೊಳ್ಳುವ ವಸ್ತುವಾದ್ದರಿಂದ ಅದು ಪೂರ್ತಿ ಆರಿ, ಡಬ್ಬಿಯನ್ನು ದೂರ ಇಟ್ಟ ಮೇಲೆಯೇ ಗ್ರೈಂಡರ್ ಚಾಲೂ ಮಾಡಬೇಕು.

ತುಕ್ಕಿನ ಹಕ್ಕಳೆಯನ್ನು ಉಳಿಯಿಂದ ಎಬ್ಬಿಸಿ, ನಂತರ ಒರಟು ಡಿಸ್ಕಿನಿಂದ ತೂತಿನ ಎರಡೂ ಬದಿಗೆ ಗಟ್ಟಿ ಲೋಹದ ಮೇಲೆ ಕನಿಷ್ಠ 5 ಸೆಂ.ಮೀ., ಸಾಧ್ಯವಿದ್ದರೆ 8ರಿಂದ 10 ಸೆಂ.ಮೀ. ವರೆಗೆ ಉಜ್ಜಬೇಕು. ಕೆಂಪು ಹೋಗಿ ಬೂದುಬಿಳುಪು ಲೋಹ ಕಾಣತೊಡಗಿದಾಗ ಕೆಲಸ ಮುಗಿಯಿತೆನಿಸುತ್ತದೆ, ಮುಗಿದಿರುವುದಿಲ್ಲ. ಬೆಳಕಿಗೆ ಓರೆಯಾಗಿ ಹಿಡಿದು ನೋಡಿದರೆ ಕುಳಿಗಳ ತಳದಲ್ಲಿ ಕಪ್ಪು ಚುಕ್ಕೆಗಳು ಉಳಿದಿರುತ್ತವೆ, ತುಕ್ಕೂ ಉಪ್ಪೂ ಅಲ್ಲಿಯೇ ಅಡಗಿರುತ್ತವೆ. ಅವನ್ನು ತಂತಿ ಬ್ರಷ್ಷಿನ ಮೊನೆಯಿಂದ ಒಂದೊಂದಾಗಿ ಕೆದಕಬೇಕು. ತಂತಿ ಚಕ್ರವನ್ನು ಹಾಗೆಯೇ ಓಡಿಸುತ್ತಿದ್ದರೆ ಮೇಲ್ಮೈ ಹೊಳಪೇರಿ ನುಣುಪಾಗುತ್ತದೆ, ಅಂಟಿಗೆ ಬೇಕಾದದ್ದು ಒರಟು ಗೀರು. ಸತುವಿನ ಹೊಳಪು ಉಳಿದಿರುವ ಭಾಗವನ್ನೂ ಮಂಕಾಗುವವರೆಗೆ ಎಮರಿಯಿಂದ ಉಜ್ಜಬೇಕು, ಆ ಧೂಳು ಮೂಗಿಗೆ ಹೋಗದಂತೆ ಮಾಸ್ಕ್ ಕಟ್ಟಿಕೊಂಡಿರಬೇಕು. ತುಕ್ಕನ್ನು ಕಪ್ಪಾಗಿಸುವ ದ್ರಾವಣಗಳು ಬಣ್ಣ ಬಳಿಯುವ ಕೆಲಸಕ್ಕೆ ಸರಿ. ಅಂಟು ನಿಲ್ಲಬೇಕಾದ ಜಾಗಕ್ಕೆ ನಾನು ಅವನ್ನು ಒಪ್ಪುವುದಿಲ್ಲ, ಅಂಟು ಹಿಡಿಯಬೇಕಾದದ್ದು ಲೋಹವನ್ನು.

ನಮ್ಮ ಸೀಮೆಯಲ್ಲಿ ಇದರ ಮೇಲೆ ಇನ್ನೊಂದು ಹೆಜ್ಜೆ ಬೇಕು. ಸವಳು ಮಣ್ಣಿನಲ್ಲಿದ್ದ ಪೈಪಿನ ಕುಳಿಗಳಲ್ಲಿ ಉಳಿದ ಉಪ್ಪು ಅಂಟಿನ ಅಡಿಯಲ್ಲಿ ತೇವವನ್ನು ಸೆಳೆದು ಗುಳ್ಳೆ ಎಬ್ಬಿಸುತ್ತದೆ. ಉಜ್ಜಿದ ಜಾಗವನ್ನು ತೊಳೆಯಬೇಕು, ಆದರೆ ಬೋರ್‌ವೆಲ್ ನೀರಿನಿಂದ ತೊಳೆದರೆ ತೆಗೆದ ಉಪ್ಪನ್ನು ಮತ್ತೆ ಹಚ್ಚಿದಂತಾಗುತ್ತದೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನಿನ ನೀರು ಇದಕ್ಕೆ ಉತ್ತಮ. ತೊಳೆದು, ಒರೆಸಿ, ಪೂರ್ತಿ ಒಣಗಿಸಿ, ಇನ್ನೊಮ್ಮೆ ಎಮರಿ ಆಡಿಸಿ, ಕೊನೆಗೆ ಅಸಿಟೋನ್ ಹಾಕಿದ ಬಿಳಿ ಬಟ್ಟೆಯಿಂದ ಒಂದೇ ದಿಕ್ಕಿಗೆ ಒರೆಸಬೇಕು. ಬಟ್ಟೆಗೆ ಬಣ್ಣ ಹತ್ತದಿದ್ದರೆ ಜಾಗ ಸಿದ್ಧವಾಗಿದೆ. ಅಲ್ಲಿಂದ ಮುಂದೆ ಬರಿಗೈ ತಾಗಿಸಬಾರದು, ಗಂಟೆಯೊಳಗೆ ಅಂಟು ಹಚ್ಚಬೇಕು. ತೋರಣಗಲ್ಲು, ಸಂಡೂರಿನ ಕಡೆ ಅದಿರಿನ ಲಾರಿಗಳು ಓಡಾಡುವ ರಸ್ತೆಯ ಪಕ್ಕದಲ್ಲಿ ಕೆಲಸವಿದ್ದರೆ ಸುತ್ತ ತಾಡಪಾಲು ಕಟ್ಟದೆ ಶುರುಮಾಡಬಾರದು.

ಬಿಸಿಲು, ಹೊತ್ತು, ಬೆರಕೆ

ಡಬ್ಬಿಯ ಮೇಲೆ ಬರೆದ ಸಮಯ ಸಾಮಾನ್ಯವಾಗಿ 25 ಡಿಗ್ರಿಯ ಹವೆಗೆ ಹೇಳಿದ್ದು. ಉಷ್ಣತೆ 10 ಡಿಗ್ರಿ ಏರಿದರೆ ಬೆರೆಸಿದ ಎಪಾಕ್ಸಿಯ ಬಳಕೆಯ ಅವಧಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ರಾಯಚೂರಿನಲ್ಲಿ ಏಪ್ರಿಲ್, ಮೇ ತಿಂಗಳಲ್ಲಿ ನೆರಳಿನಲ್ಲಿಯೇ 40 ಡಿಗ್ರಿ ದಾಟುವಾಗ 40 ನಿಮಿಷದ ಅಂಟು ಕಾಲುಗಂಟೆಯೊಳಗೆ ಜಿಗುಟಾಗುತ್ತದೆ, ಬಿಸಿಲು ಕಾಯ್ದ ಪೈಪಿನ ಮೇಲಂತೂ ಇನ್ನೂ ಬೇಗ. ಆದ್ದರಿಂದ ಮಧ್ಯಾಹ್ನದಿಂದಲೇ ಪೈಪಿಗೆ ನೆರಳು ಕಟ್ಟಿ, ಸಂಜೆ ನಾಲ್ಕೈದರ ನಂತರ ಲೋಹ ತಣಿಯತೊಡಗಿದಾಗ ಸುತ್ತಬೇಕು. ತಣಿಯುತ್ತಿರುವ ಪೈಪಿನಲ್ಲಿ ಕುಳಿಯೊಳಗಿನ ಗಾಳಿ ಕುಗ್ಗಿ ಅಂಟನ್ನು ಒಳಗೆಳೆದುಕೊಳ್ಳುತ್ತದೆ. ಬೆಳಿಗ್ಗೆ ಸುತ್ತಿದರೆ ಬಿಸಿಯೇರುತ್ತ ಅದೇ ಗಾಳಿ ಹಿಗ್ಗಿ ಗುಳ್ಳೆ ಎಬ್ಬಿಸುತ್ತದೆ. ಮಳೆಗಾಲದಲ್ಲಿ ಮಾತ್ರ ಈ ಲೆಕ್ಕ ತಿರುವುಮುರುವಾಗುತ್ತದೆ, ಪೈಪಿನ ಮೇಲೆ ತೇವ ಬೆವರುವ ಹೊತ್ತಿನಲ್ಲಿ ಕೆಲಸವನ್ನೇ ಮುಂದೂಡಬೇಕು.

ರೆಸಿನ್ ಮತ್ತು ಹಾರ್ಡನರಿನ ಪ್ರಮಾಣ ತೂಕದಲ್ಲಿ ಒಂದಿರುತ್ತದೆ, ಅಳತೆಯಲ್ಲಿ ಇನ್ನೊಂದಿರುತ್ತದೆ. ಡಬ್ಬಿಯಲ್ಲಿ ಯಾವುದನ್ನು ಹೇಳಿದ್ದಾರೆಂದು ಓದಿ, ತೂಕದ ಪ್ರಮಾಣವಿದ್ದರೆ ತಕ್ಕಡಿಯಲ್ಲಿ ತೂಗಬೇಕು, ಅಳತೆಯದಾದರೆ ಅಳೆದೇ ಹಾಕಬೇಕು. ಹಾರ್ಡನರ್ ಜಾಸ್ತಿ ಹಾಕಿದರೆ ಬೇಗ ಗಟ್ಟಿಯಾಗುತ್ತದೆ ಎಂಬ ನಂಬಿಕೆ ಪ್ಲಂಬರುಗಳಲ್ಲಿಯೂ ಇದೆ. ಹೆಚ್ಚಾದ ಹಾರ್ಡನರ್ ಕೂಡಿಕೊಳ್ಳಲು ಜೊತೆ ಸಿಗದೆ ಹಾಗೇ ಉಳಿದು ಅಂಟನ್ನು ಮೆತ್ತಗೆ ಮಾಡುತ್ತದೆ. ಮೂರು ನಿಮಿಷ ಗೋಡೆ, ತಳ ಕೆರೆದು ಕಲಸಿ, ಬೇರೆ ಪಾತ್ರೆಗೆ ಸುರಿದು ಮತ್ತೊಮ್ಮೆ ಕಲಸಬೇಕು. ಬೆರಕೆಯನ್ನು ಲೋಟದಲ್ಲಿಡದೆ ಅಗಲವಾದ ತಟ್ಟೆಗೆ ಹರಡಬೇಕು. ಒಟ್ಟಾಗಿದ್ದಷ್ಟೂ ಅದು ತನ್ನ ಕಾವಿಗೆ ತಾನೇ ಕಾದು ಹೊಗೆಯಾಡುತ್ತದೆ. 200 ಗ್ರಾಂ ಅನ್ನು ಎರಡು ಸಲವಾಗಿ ಬೆರೆಸುವುದು ಒಳ್ಳೆಯದು. ಕೈಗೆ ಪದೇ ಪದೇ ಹತ್ತಿದರೆ ಹಾರ್ಡನರಿನಿಂದ ಚರ್ಮಕ್ಕೆ ವಾಸಿಯಾಗದ ಅಲರ್ಜಿ ಬರುವುದುಂಟು, ಕೈಗವಸು ಕಡ್ಡಾಯ.

ತೂತು ಮುಚ್ಚಿ ಸುತ್ತುವುದು

ಸಣ್ಣ ತೂತಿಗೆ ಪುಟ್ಟಿಯನ್ನು ಒಳಕ್ಕೆ ಒತ್ತಿ ಮೇಲೆ ಸಪಾಟು ಮಾಡಿದರೆ ಸಾಕು. ಬೆರಳು ತೂರುವಷ್ಟಿದ್ದರೆ ಹಳೆಯ ಪೈಪಿನ ಚೂರನ್ನೋ ಬಾಗಿಸಿದ ತಗಡನ್ನೋ ತೂತಿಗಿಂತ ಎಲ್ಲ ಕಡೆ ಎರಡು ಸೆಂಟಿಮೀಟರ್ ದೊಡ್ಡದಾಗಿ ಕತ್ತರಿಸಿ, ಅದನ್ನೂ ಉಜ್ಜಿ, ಪುಟ್ಟಿಯ ಮೇಲೆ ಕೂರಿಸಿ ತಂತಿಯಿಂದ ಬಿಗಿದಿಟ್ಟು, ಗಟ್ಟಿಯಾದ ಮೇಲೆ ತಂತಿ ಬಿಚ್ಚಬೇಕು. ತಗಡಿನ ಅಂಚು, ಸಾಕೆಟ್ಟಿನ ಮೆಟ್ಟಿಲು ಇರುವಲ್ಲೆಲ್ಲ ಪುಟ್ಟಿಯಿಂದ ಇಳಿಜಾರು ಮಾಡಬೇಕು. ಇಲ್ಲದಿದ್ದರೆ ಬಟ್ಟೆ ಮೆಟ್ಟಿಲನ್ನು ಹಾರಿ ನಿಂತು ಅಡಿಯಲ್ಲಿ ಪೊಳ್ಳು ಉಳಿಯುತ್ತದೆ. ಗಟ್ಟಿಯಾದ ಪುಟ್ಟಿಯ ಮೇಲೂ ಎಮರಿ ಆಡಿಸಿ ಒರೆಸಬೇಕು.

ಈಗ ತೆಳು ಎಪಾಕ್ಸಿಯನ್ನು ಬ್ರಷ್ಷಿನಿಂದ ಲೋಹಕ್ಕೆ ಉಜ್ಜಿ ಉಜ್ಜಿ ಹಚ್ಚಿ, ಅದು ಹಸಿಯಿರುವಾಗಲೇ ಪಟ್ಟಿ ಶುರುಮಾಡಬೇಕು. ಪ್ರತಿ ಸುತ್ತು ಹಿಂದಿನದರ ಅರ್ಧ ಅಗಲವನ್ನು ಮುಚ್ಚುತ್ತ ಹೋಗಲಿ, ಕೈಯಲ್ಲಿ ಸಣ್ಣ ಎಳೆತ ಇರಲಿ. ಒಣ ಬಟ್ಟೆ ಬಿಳಿಯಾಗಿರುತ್ತದೆ. ಅಂಟು ಎಳೆಗಳೊಳಗೆ ಇಳಿದಂತೆ ಬಿಳುಪು ಕರಗಿ ಅಡಿಯ ಬಣ್ಣ ಕಾಣುತ್ತದೆ. ಬಿಳಿ ಉಳಿದ ಜಾಗದಲ್ಲಿ ಗಾಳಿಯಿದೆ ಎಂದರ್ಥ, ಅಲ್ಲಿಗೆ ಬ್ರಷ್ಷಿನ ತುದಿಯಿಂದ ಕುಟ್ಟಿ ಅಂಟು ಇಳಿಸದೆ ಮುಂದಿನ ಪದರಕ್ಕೆ ಹೋಗಬಾರದು. ಹಾಗೆಂದು ಅಂಟು ಸುರಿಯಲೂಬಾರದು, ಪೈಪಿನ ಅಡಿಯಲ್ಲಿ ಹನಿ ತೂಗಿದರೆ ಅದು ಹೆಚ್ಚಾಗಿದೆ. ಕೊನೆಯ ಪದರಗಳನ್ನು ತುಸು ಗಿಡ್ಡ ಮಾಡುತ್ತ ಬಂದರೆ ಅಂಚು ತೆಳುವಾಗಿ ಲೋಹಕ್ಕೆ ಇಳಿಯುತ್ತದೆ. ಮೇಲೆ ಸೂಜಿಯಿಂದ ಚುಚ್ಚಿದ ಪ್ಲಾಸ್ಟಿಕ್ ಹಾಳೆಯನ್ನು ಬಿಗಿಯಾಗಿ ಸುತ್ತಿದರೆ ಗಾಳಿಯೂ ಹೆಚ್ಚಿನ ಅಂಟೂ ತೂತುಗಳಿಂದ ಹೊರಬರುತ್ತವೆ.

ನೀರಿನಲ್ಲಿ ಅದ್ದಿ ಸುತ್ತುವ, ಮೊದಲೇ ಪಾಲಿಯುರಿಥೇನ್ ಹಚ್ಚಿದ ಗಾಜಿನ ಪಟ್ಟಿಗಳು ಪೊಟ್ಟಣದಲ್ಲಿ ಸಿಗುತ್ತವೆ. ಬೆರಕೆಯ ಗೋಜಿಲ್ಲ, ಅರ್ಧ ಗಂಟೆಯೊಳಗೆ ಬಿಗಿಯಾಗುತ್ತವೆ, ಬೆಲೆ ಮಾತ್ರ ಹೆಚ್ಚು. ಪೈಪನ್ನು ಉಜ್ಜುವ ಕೆಲಸ ಅವಕ್ಕೂ ತಪ್ಪಿದ್ದಲ್ಲ, ತೂತನ್ನೂ ಪುಟ್ಟಿಯಿಂದ ಮೊದಲೇ ಮುಚ್ಚಿರಬೇಕು.

ಗಟ್ಟಿಯಾದ ಮೇಲೆ

ಬೇಸಿಗೆಯಲ್ಲಿ 24 ಗಂಟೆ, ಚಳಿಗಾಲದ ರಾತ್ರಿಗಳಲ್ಲಿ ಎರಡು ದಿನ ಪೈಪನ್ನು ಅಲುಗಿಸಬಾರದು. ಪೂರ್ಣ ಬಲಕ್ಕೆ ಏಳು ದಿನ ಬೇಕು. ಉಗುರಿನಿಂದ ಒತ್ತಿದಾಗ ಗುರುತು ಮೂಡಿದರೆ ಇನ್ನೂ ಕಾಯಬೇಕು. ನಾಣ್ಯದಿಂದ ಸುತ್ತಲೂ ತಟ್ಟಿ, ಪೊಳ್ಳು ಸದ್ದು ಬಂದ ಜಾಗಕ್ಕೆ ಗುರುತು ಹಾಕಬೇಕು. ಅಂಥ ಜಾಗ ತೂತಿನ ಮೇಲೆಯೇ ಬಂದರೆ ಸುತ್ತನ್ನು ಕಿತ್ತು ಮತ್ತೆ ಮಾಡುವುದೇ ದಾರಿ.

ನೀರು ಬಿಡುವಾಗ ವಾಲ್ವನ್ನು ನಿಧಾನವಾಗಿ ತೆರೆದು, ಪೈಪಿನ ಗಾಳಿಯನ್ನು ಹೊರಬಿಟ್ಟು, ಒಂದು ಗಂಟೆ ಪಕ್ಕದಲ್ಲಿಯೇ ಇದ್ದು ಎರಡೂ ಅಂಚುಗಳಿಗೆ ಒಣ ಕಾಗದ ಒತ್ತಿ ನೋಡಬೇಕು. ಕರೆಂಟು ಹೋದಾಗ ಮೋಟರು ತಟ್ಟನೆ ನಿಂತು, ನೀರು ಹಿಂದಕ್ಕೆ ಬಾರದಂತೆ ತಡೆಯುವ ನಾನ್‌ರಿಟರ್ನ್ ವಾಲ್ವ್ ಬಡಿದುಕೊಳ್ಳುವ ಲೈನಿನಲ್ಲಿ ಆ ಹೊಡೆತ ದಿನವಿಡೀ ಬೀಳುವ ಒತ್ತಡಕ್ಕಿಂತ ಎಷ್ಟೋ ಹೆಚ್ಚಿರುತ್ತದೆ, ಅಂಥ ಲೈನಿಗೆ ವಾಲ್ವನ್ನೂ ಸರಿಪಡಿಸಿಕೊಳ್ಳಬೇಕು. ಕುಡಿಯುವ ನೀರಿನ ಪೈಪಾದರೆ ಆಹಾರ ದರ್ಜೆಯ ಎಪಾಕ್ಸಿಯನ್ನೇ ಬಳಸಿ, ಏಳು ದಿನ ಬಿಟ್ಟು, ಮೊದಲ ನೀರನ್ನು ಹೊರಚೆಲ್ಲಬೇಕು.

ಬಿಸಿಲಿಗೆ ಎಪಾಕ್ಸಿಯ ಮೇಲ್ಮೈ ಸುಣ್ಣದ ಪುಡಿಯಂತೆ ಉದುರತೊಡಗುತ್ತದೆ. ಬಯಲಿನ ಪೈಪಿಗೆ ಸುತ್ತಿನ ಮೇಲೆ ಎರಡು ಕೈ ಪಾಲಿಯುರಿಥೇನ್ ಬಣ್ಣವನ್ನೋ ಬೆಳ್ಳಿ ಬಣ್ಣವನ್ನೋ ಬಳಿದರೆ ಅದು ತಪ್ಪುತ್ತದೆ, ಪೈಪೂ ತುಸು ತಣ್ಣಗಿರುತ್ತದೆ. ಬೇಸಿಗೆಯಲ್ಲಿ ನೀರಿಲ್ಲದೆ ಖಾಲಿ ಬಿದ್ದ ಪೈಪು ಹರಿಯುವ ನೀರಿನ ಪೈಪಿಗಿಂತ ಬಹಳ ಹೆಚ್ಚು ಕಾಯುವುದರಿಂದ ಆ ದಿನಗಳಲ್ಲಿ ಸುತ್ತಿನ ಮೇಲೆ ಹುಲ್ಲನ್ನೋ ಗೋಣಿಯನ್ನೋ ಹೊದಿಸಿಡುವುದು ಒಳಿತು. ಹೂಳುವ ಪೈಪಿನ ಸುತ್ತ ನಾಲ್ಕು ಬೆರಳು ಮರಳು ತುಂಬಿ ಮುಚ್ಚಬೇಕು. ಎರೆ ಮಣ್ಣು ನೇರವಾಗಿ ತಾಗಿದರೆ ಬೇಸಿಗೆಯಲ್ಲಿ ಬಿರಿದು, ಮಳೆಗೆ ಉಬ್ಬಿ, ಸುತ್ತಿನ ಅಂಚನ್ನೇ ಎಳೆದಾಡುತ್ತದೆ.

ಸುತ್ತಿನ ಮೇಲೆ ದಿನಾಂಕ ಬರೆದಿಟ್ಟು, ಪ್ರತಿ ಹಂಗಾಮಿನಲ್ಲಿ ನಾಲೆಗೆ ನೀರು ಬಂದ ಮೊದಲ ವಾರ ಅಂಚುಗಳನ್ನು ನೋಡಬೇಕು. ಅಂಚಿನಲ್ಲಿ ಮಾತ್ರ ತೇವ ಕಂಡು ಸುತ್ತಲಿನ ಲೋಹ ಖಣ್ ಎನ್ನುತ್ತಿದ್ದರೆ ಹಳೆಯ ಸುತ್ತನ್ನು ಪೂರ್ತಿ ತೆಗೆದು ಮೊದಲಿನಿಂದ ಮಾಡಬಹುದು, ಅದರ ಮೇಲೆಯೇ ಇನ್ನೊಂದು ಸುತ್ತುವುದರಿಂದ ಪ್ರಯೋಜನವಿಲ್ಲ. ಸೋರಿಕೆ ಸುತ್ತಿನಿಂದ ಗೇಣು ದೂರದಲ್ಲಿ ಹೊಸದಾಗಿ ಕಾಣಿಸಿಕೊಂಡರೆ ಅಂಟಿನ ಡಬ್ಬಿ ತೆರೆಯದೆ, ಎರಡೂ ತೂತುಗಳನ್ನು ಸೇರಿಸಿ ಪೈಪಿನ ಆ ತುಂಡನ್ನೇ ಕತ್ತರಿಸಿ ತೆಗೆದು, ಎರಡು ತುದಿಗೂ ಹೊಸ ಮರೆ ಹಾಕಿಸಿ, ನಡುವೆ ಕೆಂಪು ಪಟ್ಟಿಯ ದಪ್ಪ ದರ್ಜೆಯ ತುಂಡನ್ನು ಯೂನಿಯನ್ ಕೊಟ್ಟು ಕೂಡಿಸಬೇಕು.